ಎಲ್ಲರ ಊಟ ಆಯಿತಾ?

ಮನೆಯವರೆಲ್ಲರ ಊಟ ಮುಗಿಯುವವರೆಗೆ ನನ್ನಜ್ಜಿ ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ. ಯಾರಾದರೂ ಬರುವುದು ತಡವಾದರೆ ಅಡುಗೆಮನೆಯಿಂದ ಬಾಗಿಲಿಗೆ ನೂರು ಸಲ ಓಡಾಡುತ್ತಿದ್ದಳು. ಆ ಸ್ವಭಾವವನ್ನು ‘ರಿಮ್‌ವರ್ಲ್ಡ್’ ಎಂಬ ಕಂಪ್ಯೂಟರ್ ಆಟದೊಳಗೆ ತರಬೇಕೆಂದು ಹಟ ಹಿಡಿದು ಕೂತೆ.

ಟೈನಾನ್ ಸಿಲ್ವೆಸ್ಟರ್ ರೂಪಿಸಿದ ಈ ಆಟದ ಪೂರ್ಣ ಆವೃತ್ತಿ ಬಂದದ್ದು 2018ರಲ್ಲಿ. ದೂರದ ಗ್ರಹದಲ್ಲಿ ಬಂದು ಬಿದ್ದವರು ಅಲ್ಲೇ ಉತ್ತು ಬಿತ್ತು ಬದುಕಬೇಕು. ಒಬ್ಬ ಸೋಮಾರಿ, ಇನ್ನೊಬ್ಬ ಆಶಾವಾದಿ. ಹೀಗೆ ಒಬ್ಬೊಬ್ಬರಿಗೂ ಗುಣಗಳಿವೆ. ಜೊತೆಗೆ ಗಳಿಗೆಗೊಂದು ಅನಿಸಿಕೆ ಮನಸ್ಸನ್ನು ಏರಿಸುತ್ತದೆ, ಇಳಿಸುತ್ತದೆ. ಮೇಜಿಲ್ಲದೆ ಉಂಡರೆ 3 ಅಂಕ ಕಡಿಮೆ. ಆ ಬೇಸರ ಒಂದು ದಿನ ಉಳಿಯುತ್ತದೆ. ಸಾಮಾನ್ಯವಾಗಿ ಮನಸ್ಥಿತಿ ಶೇಕಡಾ 35ಕ್ಕಿಂತ ಕೆಳಗಿಳಿದರೆ ಅವರು ತಾಳ್ಮೆಗೆಡುವ ಅಪಾಯ ಶುರುವಾಗುತ್ತದೆ.

ಇವೆಲ್ಲ ಎಕ್ಸ್‌ಎಂಎಲ್ ಕಡತಗಳಲ್ಲಿವೆ, ನಾವೂ ಹೊಸದು ಬರೆದು ಸೇರಿಸಬಹುದು. ಗುಣಕ್ಕೆ ‘ಟ್ರೇಟ್‌ಡೆಫ್’: ಹೆಸರು, ವಿವರಣೆ, ಎಷ್ಟು ಅಪರೂಪ, ಯಾವ ಗುಣದ ಜೊತೆ ಕೂಡುವುದಿಲ್ಲ ಎಂಬುದೆಲ್ಲ ಅಲ್ಲಿರುತ್ತದೆ. ನಾನು ಮೊದಲು ಬರೆದದ್ದು ಅಷ್ಟೇ. ‘ಅನ್ನಪೂರ್ಣೆ’ ಎಂದು ಹೆಸರಿಟ್ಟು ಅಡುಗೆಯ ವೇಗ ಹೆಚ್ಚಿಸಿದೆ. ಪಾತ್ರ ಬೇಗ ಬೇಗ ಅಡುಗೆ ಮಾಡಿತು, ತನ್ನ ಪಾಡಿಗೆ ಉಂಡು ಮಲಗಿತು. ಅದರಲ್ಲಿ ಅಜ್ಜಿ ಇರಲಿಲ್ಲ.

ಅಜ್ಜಿ ಇದ್ದದ್ದು ಅವಳ ಚಡಪಡಿಕೆಯಲ್ಲಿ. ಅದಕ್ಕೆ ಅನಿಸಿಕೆಗಳನ್ನು ಬರೆಯುವ ‘ಥಾಟ್‌ಡೆಫ್’ ಬೇಕು. ಈ ಗುಣ ಇದ್ದವರಿಗೆ ಮಾತ್ರ ಬರುವ ಅನಿಸಿಕೆಯೆಂದು ಗೊತ್ತುಮಾಡಿ ಮೂರು ಹಂತ ಬರೆದೆ: ‘ಎಲ್ಲರ ಹೊಟ್ಟೆ ತುಂಬಿದೆ’, ‘ಇನ್ನೂ ಒಬ್ಬರ ಊಟ ಆಗಿಲ್ಲ’, ‘ಮನೆ ಹಸಿದಿದೆ’. ಯಾವ ಹಂತ ಯಾವಾಗ ಎನ್ನುವುದನ್ನು ಸಿ ಶಾರ್ಪ್‌ನಲ್ಲಿ ಬರೆದ ಪುಟ್ಟ ತುಣುಕೊಂದು ಹೇಳುತ್ತದೆ. ಅದು ಎಲ್ಲರ ಹಸಿವು ನೋಡಿ ಲೆಕ್ಕ ಹಾಕುತ್ತದೆ. ಒಬ್ಬರು ಹಸಿದರೆ 15 ಅಂಕ ಇಳಿಯಲಿ ಎಂದಿಟ್ಟಿದ್ದೆ. ಪಾಪ, ನನ್ನ ಅನ್ನಪೂರ್ಣೆ ದಿನ ಬಿಟ್ಟು ದಿನ ಕುಸಿದುಹೋದಳು. 4ಕ್ಕೆ ಇಳಿಸಿದೆ. ಈಗ ನೋವು ಇತ್ತು, ಬಾಳುವೆಯೂ ನಡೆಯಿತು.

ಒಂದು ರಾತ್ರಿ ಎಲ್ಲರೂ ಮೇಜಿನ ಸುತ್ತ ಉಣ್ಣುತ್ತಿದ್ದರು. ಆಕೆಯ ಹೆಸರಿನ ಕೆಳಗೆ ಮಾತ್ರ ಆ ಸಾಲು: ‘ಇನ್ನೂ ಒಬ್ಬರ ಊಟ ಆಗಿಲ್ಲ’. ಯಾರೆಂದು ಹುಡುಕಿದೆ. ಹಿಂದಿನ ಕೋಣೆಯಲ್ಲಿ ಗಾಯಗೊಂಡವನೊಬ್ಬ ಹಾಸಿಗೆ ಹಿಡಿದಿದ್ದ. ನಾನೇ ಅವನನ್ನು ಮರೆತಿದ್ದೆ. ಆಟ ನಿಲ್ಲಿಸಿ, ಮೊದಲು ಅವನಿಗೆ ಊಟ ಕಳಿಸಿದೆ.