ನೋಟ, ಹೆಸರು, ದನಿ: ಫಾಸ್‌ಬಿಂಡರನ ಚಿತ್ರದಲ್ಲಿ ವಲಸಿಗನ ಪ್ರಾತಿನಿಧ್ಯ

ಚಲನಚಿತ್ರವೊಂದು ಸಮಾಜದ ವೈವಿಧ್ಯವನ್ನು ಪ್ರತಿನಿಧಿಸಿದೆಯೆ ಎಂಬ ಪ್ರಶ್ನೆಯನ್ನು ಪಾತ್ರಗಳ ಎಣಿಕೆಯಿಂದಷ್ಟೇ ಇತ್ಯರ್ಥಪಡಿಸಲಾಗದು. ಅನ್ಯನೆನಿಸಿಕೊಂಡವನು ತೆರೆಯ ಮೇಲಿದ್ದಾನೆ ಎಂಬುದರ ಜೊತೆಗೆ ಅವನನ್ನು ಯಾರು ನೋಡುತ್ತಾರೆ, ಯಾವ ಹೆಸರಿನಿಂದ ಕರೆಯುತ್ತಾರೆ, ಅವನ ಮಾತು ಯಾರ ದನಿಯಲ್ಲಿ ಕೇಳಿಸುತ್ತದೆ ಎಂಬುದೂ ವಿಚಾರಾರ್ಹವಾಗುತ್ತದೆ. ರೈನರ್ ವೆರ್ನರ್ ಫಾಸ್‌ಬಿಂಡರ್ ನಿರ್ದೇಶಿಸಿದ, 1974ರಲ್ಲಿ ತೆರೆಕಂಡ ಜರ್ಮನ್ ಚಿತ್ರ ‘ಆಂಗ್ಸ್ಟ್ ಎಸ್ಸೆನ್ ಜೀಲೆ ಔಫ್’ ಈ ಮೂರೂ ನೆಲೆಗಳ ಪರಿಶೀಲನೆಗೆ ಒದಗುವ ಮಹತ್ವದ ಕೃತಿಯಾಗಿದೆ.

ಎರಡನೆಯ ಮಹಾಯುದ್ಧಾನಂತರ ಪಶ್ಚಿಮ ಜರ್ಮನಿಯ ಕೈಗಾರಿಕೆಗಳಿಗೆ ದುಡಿಯುವ ಕೈಗಳು ಸಾಲದೆ ಬಂದವು. ಅಲ್ಲಿನ ಸರ್ಕಾರವು 1955ರಲ್ಲಿ ಇಟಲಿ, 1961ರಲ್ಲಿ ತುರ್ಕಿ, 1963ರಲ್ಲಿ ಮೊರಾಕೊ ದೇಶಗಳೊಡನೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. ಹೀಗೆ ಬಂದವರು ‘ಅತಿಥಿ ಕಾರ್ಮಿಕ’ರೆನಿಸಿದರು. ಅತಿಥಿಯಾದವನು ಒಂದು ದಿನ ಹಿಂದಿರುಗಬೇಕೆಂಬ ನಿರೀಕ್ಷೆ ಆ ಪದದಲ್ಲಿಯೇ ಅಡಗಿತ್ತು. 1973ರ ನವೆಂಬರ್‌ನಲ್ಲಿ ಈ ನೇಮಕಾತಿ ನಿಂತಿತು. ಮ್ಯೂನಿಕ್ ನಗರದ ಈ ಕಥೆಯನ್ನು ಎರಡು ವಾರಗಳಷ್ಟು ಕಾಲದಲ್ಲಿ ಚಿತ್ರೀಕರಿಸಿದ್ದು ಅದೇ ವರ್ಷ.

ಅರವತ್ತರ ಆಸುಪಾಸಿನ ವಿಧವೆ ಎಮ್ಮಿ ಶುಚಿಗೊಳಿಸುವ ಕೆಲಸದಾಕೆ. ಮಳೆಯಿಂದ ತಪ್ಪಿಸಿಕೊಳ್ಳಲು ಬಾರೊಂದನ್ನು ಹೊಕ್ಕ ಆಕೆಗೆ ಮೊರಾಕೊದ ಯುವ ಮೆಕ್ಯಾನಿಕ್ ಆಲಿಯ ಪರಿಚಯವಾಗುತ್ತದೆ, ಇಬ್ಬರೂ ಮದುವೆಯಾಗುತ್ತಾರೆ. ಮಕ್ಕಳು, ನೆರೆಹೊರೆಯವರು, ದಿನಸಿ ಅಂಗಡಿಯವನು ಎಲ್ಲರೂ ದೂರ ಸರಿಯುತ್ತಾರೆ. ಫಾಸ್‌ಬಿಂಡರ್ ಈ ತಿರಸ್ಕಾರವನ್ನು ನೋಟದ ಮೂಲಕವೇ ಕಟ್ಟುತ್ತಾನೆ. ಜನರು ನಿಶ್ಚಲರಾಗಿ, ಮಾತಿಲ್ಲದೆ ದಂಪತಿಗಳನ್ನು ದಿಟ್ಟಿಸುತ್ತಾರೆ. ಬಾಗಿಲ ಚೌಕಟ್ಟು, ಮೆಟ್ಟಿಲ ಸರಳುಗಳು ಅವರನ್ನು ಬಂಧಿಸಿದಂತೆ ತೋರುತ್ತವೆ. ಅದನ್ನು ನೋಡುವ ಪ್ರೇಕ್ಷಕನು ತನ್ನ ನೋಟವನ್ನೂ ಪ್ರಶ್ನಿಸಿಕೊಳ್ಳಬೇಕಾಗುತ್ತದೆ.

ಚಿತ್ರದ ಉತ್ತರಾರ್ಧ ಇನ್ನೂ ನಿಷ್ಠುರವಾದುದು. ದಂಪತಿಗಳು ಪ್ರವಾಸದಿಂದ ಮರಳಿದಾಗ ಎಲ್ಲರೂ ಸ್ನೇಹ ತೋರುತ್ತಾರೆ. ಅಂಗಡಿಯವನಿಗೆ ಗಿರಾಕಿ ಬೇಕು, ಮಗನಿಗೆ ತನ್ನ ಮಗುವನ್ನು ನೋಡಿಕೊಳ್ಳುವವರು ಬೇಕು. ಈ ಸ್ವೀಕಾರದ ಮೂಲ ಪ್ರಯೋಜನವೇ ಹೊರತು ಸಮಾನತೆಯಲ್ಲ. ಸ್ವತಃ ಎಮ್ಮಿಯೂ ಗೆಳತಿಯರಿಗೆ ಆಲಿಯ ತೋಳಿನ ಮಾಂಸಖಂಡಗಳನ್ನು ಮುಟ್ಟಿ ತೋರಿಸುತ್ತಾಳೆ. ಅವನು ಬಯಸಿದ ಕುಸ್ಕುಸ್ ಮಾಡಿಕೊಡಲು ಒಪ್ಪುವುದಿಲ್ಲ. ಯುಗೊಸ್ಲಾವಿಯದಿಂದ ಬಂದ ಹೊಸ ಕೆಲಸದಾಕೆಯನ್ನು ಸಹೋದ್ಯೋಗಿಗಳು ದೂರವಿಟ್ಟಾಗ, ಹಿಂದೆ ಹಾಗೆಯೇ ದೂರವಿಡಲ್ಪಟ್ಟಿದ್ದ ಎಮ್ಮಿ ಅವರ ಜೊತೆಗೂಡುತ್ತಾಳೆ. ತಾನು ಹಿಟ್ಲರನ ಪಕ್ಷದಲ್ಲಿದ್ದೆನೆಂದು ಸಹಜವಾಗಿ ಹೇಳುವವಳೂ ಅವಳೇ, ಪೋಲೆಂಡಿನವನನ್ನು ಮದುವೆಯಾಗಿದ್ದವಳೂ ಅವಳೇ. ಪೂರ್ವಗ್ರಹವು ಕೆಟ್ಟವರ ಸೊತ್ತಷ್ಟೇ ಅಲ್ಲ, ಪ್ರೀತಿಸುವವರಲ್ಲಿಯೂ ಅದು ನೆಲೆಸಬಲ್ಲದು ಎಂಬುದನ್ನು ಈ ಪಾತ್ರ ಸ್ಥಾಪಿಸುತ್ತದೆ.

ಹೆಸರಿನ ವಿಷಯವೂ ಗಮನಾರ್ಹ. ‘ಆಲಿ’ ಎಂಬುದು ಉತ್ತರ ಆಫ್ರಿಕದವರೆಲ್ಲರಿಗೂ ಜರ್ಮನರು ಅಂಟಿಸುವ ಸುಲಭದ ಹೆಸರು. ಅವನಿಗೆ ದೀರ್ಘವಾದ ಸ್ವಂತ ಹೆಸರಿದ್ದರೂ ಸಮಾಜ ಅದನ್ನು ಬಳಸುವ ಗೋಜಿಗೆ ಹೋಗುವುದಿಲ್ಲ. ಚಿತ್ರದ ಶೀರ್ಷಿಕೆ ಅವನದೇ ಮಾತು. ‘ಭಯವು ಆತ್ಮವನ್ನು ತಿಂದುಹಾಕುತ್ತದೆ’ ಎಂಬರ್ಥದ ಆ ವಾಕ್ಯದಲ್ಲಿ ಜರ್ಮನ್ ವ್ಯಾಕರಣ ತಪ್ಪಿದೆ. ಆ ತಪ್ಪನ್ನು ತಿದ್ದದೆ ಶೀರ್ಷಿಕೆಯಾಗಿಸಿದ್ದು ವಲಸಿಗನ ನುಡಿಗೆ ಸಂದ ಮನ್ನಣೆ.

ಆದರೆ ಇಲ್ಲೊಂದು ವಿರೋಧಾಭಾಸವಿದೆ. ಆಲಿಯ ಪಾತ್ರವಹಿಸಿದ ಮೊರಾಕೊ ಮೂಲದ ಎಲ್ ಹೆದಿ ಬೆನ್ ಸಾಲೆಮ್‌ನ ದನಿ ಚಿತ್ರದಲ್ಲಿಲ್ಲ. ಜರ್ಮನ್ ನಟ ವೋಲ್ಫ್‌ಗಾಂಗ್ ಹೆಸ್ ಅವನಿಗೆ ಕಂಠದಾನ ಮಾಡಿದ್ದಾನೆ. ವಲಸಿಗನ ದೇಹಕ್ಕೆ ತೆರೆಯ ಮೇಲೆ ಸ್ಥಾನ ದೊರೆತರೂ ಅವನ ಕಂಠಕ್ಕೆ ದೊರೆಯಲಿಲ್ಲ. ಪ್ರಾತಿನಿಧ್ಯದ ಮಿತಿಯನ್ನು ಕಥೆಯಲ್ಲಿ ಬಯಲಿಗೆಳೆದ ಕೃತಿಯೇ ತನ್ನ ನಿರ್ಮಾಣದಲ್ಲಿ ಆ ಮಿತಿಗೆ ಒಳಗಾಗಿದೆ.

ಅಂತ್ಯದಲ್ಲಿ ಆಲಿ ಜಠರದ ಹುಣ್ಣಿನಿಂದ ಕುಸಿಯುತ್ತಾನೆ. ವಿದೇಶಿ ಕಾರ್ಮಿಕರಲ್ಲಿ ಇದು ಸಾಮಾನ್ಯ, ಗುಣವಾದರೂ ಮರುಕಳಿಸುತ್ತದೆ ಎನ್ನುತ್ತಾನೆ ವೈದ್ಯ. ಹಾಸಿಗೆಯ ಬಳಿ ಎಮ್ಮಿ ಉಳಿಯುತ್ತಾಳೆ. ವ್ಯಕ್ತಿಗಳ ಪ್ರೀತಿ ನಿಜವಾದುದಾದರೂ ಸಮಾಜವು ಉಂಟುಮಾಡಿದ ರೋಗಕ್ಕೆ ಅದೊಂದೇ ಚಿಕಿತ್ಸೆಯಾಗದು ಎಂಬ ತಿಳಿವಳಿಕೆಯೇ ಈ ಕೃತಿಯ ಸಾರ್ಥಕತೆ.