ಒಂದು ಕಾಲದಲ್ಲಿ ನಮ್ಮ ಜಿಲ್ಲೆಯದ್ದೇ ಆಗಿದ್ದ ದ್ವೀಪಕ್ಕೆ

ಜಿನನಾಥಪುರದ ಸುತ್ತ ಎಲ್ಲಿ ನೋಡಿದರೂ ತೆಂಗು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬೆನ್ನಿಗಿರುವ ಈ ಸೀಮೆಯಲ್ಲಿ ಮದ್ರಸ ಮಕ್ಕಳಿಗೆ ಓದಿಸುತ್ತಾ ಕೆಲವು ವರ್ಷ ಕಳೆದೆ. ಕಳೆದ ಸಲ ರಜೆಗೆ ಮೊದಲು, "ಉಸ್ತಾದ್, ಊರಿಗಾ?" ಅಂತ ಮಕ್ಕಳು ಕೇಳಿದರು. "ಊರಿಗೆ ಹೋಗಿ, ಅಲ್ಲಿಂದ ಲಕ್ಷದ್ವೀಪಕ್ಕೆ" ಅಂದೆ. ಕಡಲನ್ನೇ ಕಾಣದ ಒಬ್ಬ ಹುಡುಗ ಸ್ವಲ್ಪ ಯೋಚನೆ ಮಾಡಿ ಕೇಳಿದ, "ಸುತ್ತ ಉಪ್ಪುನೀರಾದರೆ ಅವರು ಕುಡಿಯುವುದೇನು?" ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಬಂದ ಮೇಲೆ ಹೇಳುತ್ತೇನೆ ಅಂದೆ.

ಈಗ ನಮ್ಮ ಮನೆಗಳಲ್ಲಿ ದ್ವೀಪ ಎಂದರೆ ಮಾಲ್ದೀವ್ಸ್. ಗಲ್ಫಿನಿಂದ ಬಂದ ಮಗ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾನೆ, ನೀರಿನ ಮೇಲಿನ ಕೋಣೆಯ ಫೋಟೋ ಸ್ಟೇಟಸ್‌ನಲ್ಲಿ ಬರುತ್ತದೆ. ತಪ್ಪೇನಿಲ್ಲ, ದುಡಿದ ದುಡ್ಡು ಅವನದ್ದು. ಆದರೆ ಮಂಗಳೂರಿನಿಂದ ನೇರ ಅಳೆದರೆ ಸುಮಾರು ಮುನ್ನೂರು ಕಿಲೋಮೀಟರ್ ದೂರದಲ್ಲಿ ಅಮಿನಿ ಎಂಬ ದ್ವೀಪ ಉಂಟು, 1956ರವರೆಗೆ ಅದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು ಎಂದರೆ ಎಷ್ಟು ಜನ ನಂಬುತ್ತಾರೆ? ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದಕ್ಕೂ ಸೇರಿ ಅಮಿನ್‌ದೀವಿ ಎಂದು ಹೆಸರು. ಇವುಗಳ ಸರಕಾರಿ ಕಾಗದಪತ್ರವೆಲ್ಲ ಮಂಗಳೂರಿನ ಕಲೆಕ್ಟರ್ ಕಚೇರಿಯಲ್ಲಿ ನಡೆಯುತ್ತಿತ್ತು. ಉಳಿದ ದ್ವೀಪಗಳು ಮಲಬಾರ್ ಜಿಲ್ಲೆಯ ಕೆಳಗೆ. 1956ರ ನವೆಂಬರ್ 1ರಂದು ಎಲ್ಲವನ್ನೂ ಒಟ್ಟು ಮಾಡಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಈ ಸಂಬಂಧದ ಹಿಂದೆ ಟಿಪ್ಪು ಸುಲ್ತಾನರ ಕಥೆ ಉಂಟು. ದ್ವೀಪಗಳು ಆಗ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಅಧಿಕಾರಿಗಳ ಕಾಟ ತಡೆಯಲಾಗದೆ 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ನಮ್ಮನ್ನು ನೀವೇ ನೋಡಿಕೊಳ್ಳಿ ಎಂದು ಟಿಪ್ಪುವನ್ನು ಕೇಳಿಕೊಂಡರು. ಅರಕ್ಕಲ್ ಬೀಬಿ ಟಿಪ್ಪುವಿಗೆ ಬೇಕಾದವರೇ ಆದ್ದರಿಂದ ಜಗಳವಿಲ್ಲದೆ ಅಮಿನ್‌ದೀವಿ ಮೈಸೂರಿಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಕಂಪನಿಯ ಕೈಗೆ ಹೋಯಿತು. ನಾನು ಓದಿಸುವ ಊರಿನಿಂದ ಶ್ರೀರಂಗಪಟ್ಟಣ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಲ್ಲಿನ ಕೋಟೆ ಬಿದ್ದದ್ದಕ್ಕೆ ಕಡಲ ನಡುವಿನ ಒಂದು ಊರಿನ ಯಜಮಾನ ಬದಲಾದ ಎಂಬುದು ನನಗೂ ಆ ಮೇಲೆಯೇ ಗೊತ್ತಾದದ್ದು.

ದರ್ಸ್‌ನಲ್ಲಿ ನನ್ನ ಪಕ್ಕ ಕೂತು ಕಿತಾಬ್ ಓದಿದ ಗೆಳೆಯನೊಬ್ಬ ಅಮಿನಿಯವನು. ಇಪ್ಪತ್ತು ವರ್ಷದಿಂದ ಬಾ ಬಾ ಎನ್ನುತ್ತಿದ್ದ. ಅಂತೂ ನಾನು, ಮನೆಯವಳು, ಎರಡು ಮಕ್ಕಳು ಹೊರಟೆವು.

ಮೊದಲು ಪರ್ಮಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಗೊತ್ತಿಲ್ಲದೆ ಹಣ ಕಳೆದುಕೊಂಡವರು ಇದ್ದಾರೆ. ನಮ್ಮ ದೇಶವೇ ಆದರೂ ಲಕ್ಷದ್ವೀಪಕ್ಕೆ ಹೊರಗಿನವರು ಹೋಗಲು ಪ್ರವೇಶ ಅನುಮತಿ ಬೇಕು. 1967ರಿಂದ ಈ ನಿಯಮ ಉಂಟು. ಅಲ್ಲಿನವರ ಜಾಗ, ಬದುಕು ಹೊರಗಿನವರ ಪಾಲಾಗದಿರಲಿ ಎಂದು ಮಾಡಿದ್ದು. ಸರಕಾರದ ಪ್ರವಾಸ ಸಂಸ್ಥೆಯ ಪ್ಯಾಕೇಜಿನಲ್ಲಿ ಹೋದರೆ ಅವರೇ ಅನುಮತಿ ಮಾಡಿಸುತ್ತಾರೆ. ದ್ವೀಪದ ನಿವಾಸಿಯೊಬ್ಬರು ಕರೆಸಿಕೊಂಡರೆ ಪೊಲೀಸ್ ಸರ್ಟಿಫಿಕೇಟು, ಅರ್ಜಿ ಎಂದು ಸ್ವಲ್ಪ ಓಡಾಟ. ಪರ್ಮಿಟ್ ಕೈಗೆ ಬರುವ ಮೊದಲು ಟಿಕೆಟ್ ಮಾಡಿಸಬೇಡಿ. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಎರಡು ತಿಂಗಳು ಮೊದಲೇ ವಿಚಾರಿಸಿಕೊಳ್ಳಿ. ಅಕ್ಟೋಬರ್‌ನಿಂದ ಮೇ ಅರ್ಧದವರೆಗೆ ಹೋಗಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಹೋಗುವ ಯೋಚನೆಯೇ ಬೇಡ.

ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಕೊಚ್ಚಿಯಿಂದ ಉಂಟು, 2024ರಲ್ಲಿ ಬೆಂಗಳೂರಿನಿಂದಲೂ ಶುರುವಾಯಿತು. ನಾವು ಹೋದದ್ದು ಕೊಚ್ಚಿಯಿಂದ ಹಡಗಿನಲ್ಲಿ. ದ್ವೀಪವನ್ನು ನೋಡಿ ಯಾವ ಹಡಗು ಎಂಬುದರ ಮೇಲೆ ಹದಿನಾಲ್ಕರಿಂದ ಇಪ್ಪತ್ತು ಗಂಟೆ. ಬಂಕ್ ಕ್ಲಾಸಿನಲ್ಲಿ ಮಲಗುವ ಹಲಗೆ ಸಾಲು ಸಾಲಾಗಿ ಇರುತ್ತದೆ. ರಾತ್ರಿ ಮನೆಯವಳಿಗೆ ವಾಂತಿ ಶುರುವಾಯಿತು, ನನಗೆ ತಲೆ ತಿರುಗಿ ಮಗ್ರಿಬ್, ಇಶಾ ಕೂತೇ ಮಾಡಿದೆ. ಮಕ್ಕಳಿಗೆ ಏನೂ ಆಗಲಿಲ್ಲ ಮಾರಾಯ್ರೆ, ಡೆಕ್ಕಿನಲ್ಲಿ ಓಡುತ್ತಿದ್ದರು. ವಾಂತಿ ಮಾತ್ರೆಯನ್ನು ಹಡಗು ಹತ್ತುವ ಮೊದಲೇ ತಿನ್ನಬೇಕಂತೆ, ಶುರುವಾದ ಮೇಲೆ ತಿಂದರೆ ಪ್ರಯೋಜನವಿಲ್ಲ. ಪ್ರಯಾಣಿಕರಿಗೆ ಇರುವ ಖಸ್ರ್, ಜಮ್‌ಅ್‌ ಮಸಲೆಯನ್ನು ಹೊರಡುವ ಮೊದಲೇ ನಿಮ್ಮ ಖತೀಬರಲ್ಲಿ ಕೇಳಿಟ್ಟುಕೊಳ್ಳಿ. ಅಲ್ಲಾಡುವ ಹಡಗಿನಲ್ಲಿ ಕಿತಾಬ್ ನೋಡಲು ಆಗುವುದಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ನೀರಿಗೆ ಎರಡು ಬಣ್ಣ. ಹೊರಗೆ ಕಡುನೀಲಿ, ಒಳಗೆ ತಿಳಿ ಹಸಿರು, ನಡುವೆ ಬಿಳಿ ನೊರೆಯ ಒಂದು ಗೆರೆ. ಆ ಗೆರೆಯೇ ಹವಳದ ದಿಬ್ಬ. ದೊಡ್ಡ ಹಡಗು ಅದನ್ನು ದಾಟಲಾಗದು. ಹೊರಗೇ ನಿಲ್ಲುತ್ತದೆ, ಸಣ್ಣ ಬೋಟು ಬಂದು ಜನರನ್ನು ಕರೆದೊಯ್ಯುತ್ತದೆ. ಹಡಗಿನ ಬದಿಯ ಬಾಗಿಲಿನಿಂದ ಏರಿಳಿಯುವ ಬೋಟಿಗೆ ಇಳಿಯುವುದು ಸ್ವಲ್ಪ ಧೈರ್ಯದ ಕೆಲಸ. ಪ್ರಾಯದವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಆಲೋಚಿಸಿ.

ದಿಬ್ಬದ ಒಳಗಿನ ನೀರು ನಮ್ಮ ಪಣಂಬೂರು, ಸೋಮೇಶ್ವರದ ಕಡಲಿನಂತೆ ಅಲ್ಲ. ಅಲೆ ದಿಬ್ಬದಲ್ಲೇ ಒಡೆದು ಹೋಗುತ್ತದೆ, ಒಳಗೆ ಕೆರೆಯಂತೆ ಶಾಂತ. ಮಕ್ಕಳು ದಿನವಿಡೀ ನೀರಿನಲ್ಲೇ ಇದ್ದರು. ಮನೆಯವಳು ಹುಟ್ಟಿದ್ದು ಉಳ್ಳಾಲದ ಹತ್ತಿರ, ಮನೆಯ ಜಗುಲಿಯಲ್ಲಿ ಕೂತರೆ ಕಡಲ ಸದ್ದು ಕೇಳುತ್ತದೆ. ಆದರೂ ನಲವತ್ತು ವರ್ಷದಲ್ಲಿ ಮೊಣಕಾಲಿನ ಮೇಲೆ ಕಡಲ ನೀರು ತಾಗಿದ್ದಿಲ್ಲ. ನಮ್ಮ ಬೀಚುಗಳಲ್ಲಿ ಜನ ನೋಡುತ್ತಾರೆ ಎಂಬ ನಾಚಿಕೆ, ಮೇಲಿಂದ ಅಲೆಯ ಹೆದರಿಕೆ. ಅಮಿನಿಯಲ್ಲಿ ಗೆಳೆಯನ ಮನೆಯ ಹೆಂಗಸರು ಅಸರ್ ಮುಗಿಸಿ ಮೈತುಂಬಾ ಬಟ್ಟೆ ಹಾಕಿಕೊಂಡೇ ನೀರಿಗೆ ಇಳಿದರು, ಇವಳನ್ನೂ ಎಳೆದುಕೊಂಡು ಹೋದರು. ದೂರದಿಂದ ನಗು ಕೇಳಿಸುತ್ತಿತ್ತು. ಕತ್ತಲಾಗುವವರೆಗೆ ಮೇಲೆ ಬರಲಿಲ್ಲ. ಜನವಸತಿ ಇರುವ ದ್ವೀಪಗಳಲ್ಲಿ ಮದ್ಯ ಇಲ್ಲ, ಬಟ್ಟೆಯ ಮರ್ಯಾದೆ ಎಲ್ಲರಿಗೂ ಅನ್ವಯ. ಮನೆಮಂದಿಯನ್ನು ಕರೆದುಕೊಂಡು ಹೋಗುವವನಿಗೆ ಇದಕ್ಕಿಂತ ನೆಮ್ಮದಿ ಬೇರೆ ಏನು ಬೇಕು?

ಅಲ್ಲಿ ಮನೆ, ತೋಟ ಹೆಚ್ಚಾಗಿ ಹೆಣ್ಣಿನ ಕಡೆಯಿಂದ ಬರುವುದು. ಮಾತು ಜಸರಿ, ಅಂದರೆ ದ್ವೀಪದ ಮಲಯಾಳ. ನಾವು ಬ್ಯಾರಿಯಲ್ಲಿ ಮಾತಾಡಿದೆವು, ಅವರು ಜಸರಿಯಲ್ಲಿ. ಎರಡನೇ ದಿನಕ್ಕೆ ಯಾರಿಗೂ ಅರ್ಥವಾಗದ್ದು ಏನೂ ಉಳಿಯಲಿಲ್ಲ. ಮದ್‌ಹಬ್ ಶಾಫಿಈ, ರಾತೀಬ್ ನಮಗೆ ಗೊತ್ತಿದ್ದದ್ದೇ.

ಊಟದ ವಿಷಯ ಬಿಡಲಾಗದು. ಮಾಸ್ ಎಂದರೆ ಕೇದರ ಮೀನನ್ನು ಬೇಯಿಸಿ, ಹೊಗೆಗೆ ಇಟ್ಟು, ಬಿಸಿಲಿಗೆ ಒಣಗಿಸಿ ಕಟ್ಟಿಗೆಯಂತೆ ಗಟ್ಟಿ ಮಾಡಿದ್ದು. ಅದನ್ನು ಚೂರು ಮಾಡಿ ತೆಂಗಿನಕಾಯಿ, ಈರುಳ್ಳಿ ಜೊತೆ ಹುರಿದು ಕೊಟ್ಟರು. ಕೇದರವನ್ನು ಅವರು ಬಲೆ ಬೀಸಿ ಬಾಚುವುದಿಲ್ಲ, ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಕಿಲಾಂಜಿ ಎಂದು ತೆಳ್ಳಗಿನ ಅಕ್ಕಿದೋಸೆಯಂಥದ್ದು ಉಂಟು, ತೆಂಗಿನ ಹಾಲು, ಬೆಲ್ಲದ ಜೊತೆ ತಿನ್ನುವುದು. ಬೆಲ್ಲವೂ ತೆಂಗಿನದ್ದೇ. ಚನ್ನರಾಯಪಟ್ಟಣದ ಕಡೆ ತೆಂಗೆಂದರೆ ಕೊಬ್ಬರಿ, ಎಳನೀರು. ಇಲ್ಲಿ ಬೆಲ್ಲ, ಹಗ್ಗ, ಮನೆಯ ತೊಲೆ ಎಲ್ಲವೂ. ಹಿಂದೆ ಹೆಂಗಸರು ತೆಂಗಿನ ನಾರು ಹೊಸೆದು ಹುರಿ ಮಾಡುತ್ತಿದ್ದರು, ಗಂಡಸರು ಅದನ್ನು ಓಡಂ ಎಂಬ ಹಾಯಿದೋಣಿಯಲ್ಲಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಹುರಿಯನ್ನು ಸರಕಾರಕ್ಕೇ ಕೊಡಬೇಕಿತ್ತು, ಬೆಲೆಯೂ ಸರಕಾರ ಹೇಳಿದ್ದೇ. ಗೆಳೆಯನ ಉಮ್ಮ ಮಂಗಳೂರು ಎಂಬ ಹೆಸರನ್ನು ಕೇಳಿದ್ದೇ "ಅರಿ" ಅಂದರು, ಅಂದರೆ ಅಕ್ಕಿ. ಅವರ ಬಾಪ ಬಂದರಿನಿಂದ ಅಕ್ಕಿ ತರುತ್ತಿದ್ದರಂತೆ.

ಆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರ ಮನೆಯ ಬಾವಿಯಲ್ಲಿ. ಅಮಿನಿಯ ವಿಸ್ತೀರ್ಣ ಎರಡೂವರೆ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಜನ 2011ರ ಗಣತಿಯಲ್ಲೇ ಏಳು ಸಾವಿರ ದಾಟಿದ್ದರು. ಹೊಳೆ ಇಲ್ಲ, ಗುಡ್ಡ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಲ್ಲುತ್ತದೆ. ಅದೇ ಬಾವಿ ನೀರು. ಕಡಲು ಏರಿದರೆ ಬಾವಿಯಲ್ಲೂ ನೀರು ಏರುತ್ತದೆ, ಇಳಿದರೆ ಇಳಿಯುತ್ತದೆ. ಪಂಪು ಹಾಕಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಒಮ್ಮೆ ಬಂದರೆ ಬೇಗ ಹೋಗುವುದಿಲ್ಲ. ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನು ಸಿಹಿ ಮಾಡುವ ಘಟಕ ಉಂಟು, ದಿನಕ್ಕೆ ಒಂದು ಲಕ್ಷ ಲೀಟರ್. ಆದರೂ ಪ್ರವಾಸಿ ಎರಡು ಸಲ ಶವರ್ ಕೆಳಗೆ ನಿಂತರೆ ಅದು ಯಾರದ್ದೋ ಅಡಿಗೆ ನೀರು. ನಾವು ಬಕೆಟ್ಟಿನಲ್ಲಿ ಮಿಂದೆವು. ವುಳೂಗೆ ಎಷ್ಟು ಕಡಿಮೆ ನೀರು ಸಾಕು ಎಂಬುದನ್ನು ಮಕ್ಕಳಿಗೆ ಕಲಿಸುವುದು ನನ್ನ ಕೆಲಸ, ನಾನೇ ಅಲ್ಲಿ ಹೊಸದಾಗಿ ಕಲಿತೆ.

ಅಮಿನಿಗೆ ಸಾಮಾನ್ಯವಾಗಿ ಪ್ಯಾಕೇಜ್ ಇರುವುದಿಲ್ಲ. ಪಕ್ಕದ ಕಡಮತ್‌ಗೆ ಉಂಟು. ಉದ್ದವಾಗಿ, ಸಪೂರವಾಗಿ ಇರುವ ದ್ವೀಪ, ನೀರಿನೊಳಗೆ ಮುಳುಗಿ ಹವಳ ನೋಡಲು ಹೇಳಿಕೊಡುವವರು ಅಲ್ಲಿದ್ದಾರೆ. ಉಸಿರಿನ ಕೊಳವೆ, ಕನ್ನಡಕ ಹಾಕಿ ಮೇಲೆಯೇ ತೇಲುತ್ತಾ ನೋಡಿದರೂ ಸಾಕು. ಮಗನಿಗೆ ಒಂದು ಆಮೆ ಕಂಡಿತು. ಗಿಳಿಮೀನು ಹವಳ ಕಚ್ಚುವ ಕಟಕಟ ಸದ್ದು ನೀರಿನೊಳಗೆ ಕೇಳುತ್ತದೆ. ಅದು ತಿಂದು ಹೊರಹಾಕುವ ಹವಳದ ಪುಡಿಯೂ ಆ ಬಿಳಿ ಮರಳಿನಲ್ಲಿ ಸೇರಿದೆ ಎಂದು ಹೇಳಿದಾಗ ಮಗಳು ಮರಳಿನ ಮನೆ ಕಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿದಳು!

ನೀರಿಗೆ ಇಳಿಯದವರಿಗೆ ಕವರತ್ತಿಯಲ್ಲಿ ಗಾಜಿನ ತಳದ ಬೋಟು ಉಂಟು. ಅಲ್ಲಿನ ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಲೇಬೇಕಾದ್ದು. ಅಂದ್ರೋತ್‌ನಲ್ಲಿ ದ್ವೀಪಗಳಿಗೆ ಇಸ್ಲಾಂ ತಂದರು ಎಂದು ನಂಬಲಾಗುವ ಹಝ್ರತ್ ಉಬೈದುಲ್ಲಾರ ಮಖಾಂ. ಎಲ್ಲಕ್ಕಿಂತ ತೆಂಕಿಗೆ ಮಿನಿಕಾಯ್, ಅಲ್ಲಿ ಮಾತು ಮಲಯಾಳ ಅಲ್ಲ, ಮಾಲ್ದೀವ್ಸ್‌ನವರ ಬಂಧುವಾದ ಮಹಲ್. 1885ರ ದೀಪಸ್ತಂಭ ಹತ್ತಿದರೆ ಇಡೀ ದ್ವೀಪ ಕಾಣುತ್ತದೆ. ಹಡಗಿನಲ್ಲೇ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ಬರುವ ಐದು ದಿನದ ಪ್ಯಾಕೇಜೂ ಉಂಟು. ಬಂಗಾರಂಗೆ ನಾನು ಹೋಗಿಲ್ಲ, ಅದು ದುಡ್ಡಿದ್ದವರ ದ್ವೀಪ.

ಹವಳದ ತುಂಡು ಎಷ್ಟು ಚಂದ ಇದ್ದರೂ ಚೀಲಕ್ಕೆ ಹಾಕಬೇಡಿ. ವನ್ಯಜೀವಿ ಕಾಯಿದೆಯಲ್ಲಿ ಅಪರಾಧ. ಇಳಿತದ ಹೊತ್ತಿನಲ್ಲಿ ದಿಬ್ಬದ ಮೇಲೆ ನಡೆಯುವ ಆಸೆಯಾಗುತ್ತದೆ, ಕಾಲಿನ ಕೆಳಗೆ ಇರುವುದು ಕಲ್ಲಲ್ಲ, ಜೀವ. ಕಡಲು ಬಿಸಿಯಾಗಿ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಹವಳಗಳು ಬಣ್ಣ ಕಳೆದುಕೊಂಡು ಬಿಳುಚಿದವು, ಎಷ್ಟೋ ಸತ್ತವು. ಗೆಳೆಯ ಒಂದು ಜಾಗ ತೋರಿಸಿ, ಚಿಕ್ಕಂದಿನಲ್ಲಿ ಇಲ್ಲಿ ಬಣ್ಣಬಣ್ಣದ ತೋಟ ಇತ್ತು ಅಂದ. ನನಗೆ ಕಂಡದ್ದು ಬೂದಿ ಬಣ್ಣದ ಕಡ್ಡಿಗಳ ರಾಶಿ. ಅಲೆಯನ್ನು ತಡೆಯುವ ಗೋಡೆ ಅದೇ. ಅದು ಕುಸಿದರೆ ಊರಿಗೆ ಬೇರೆ ಗೋಡೆ ಇಲ್ಲ.

ಇಷ್ಟು ದೂರ, ಇಷ್ಟು ಖರ್ಚು ಆಗದು ಎನ್ನುವವರಿಗೆ ಮಲ್ಪೆಯಿಂದ ಬೋಟಿನಲ್ಲಿ ಸೈಂಟ್ ಮೇರೀಸ್ ದ್ವೀಪ ಉಂಟು, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಬಹುದು. ಪೆನ್ಸಿಲ್ ಕಟ್ಟಿಟ್ಟ ಹಾಗೆ ನಿಂತ ಆ ಕಲ್ಲಿನ ಕಂಬಗಳು, ನಮ್ಮ ನೆಲ ಮಡಗಾಸ್ಕರ್‌ನಿಂದ ಬೇರ್ಪಟ್ಟ ಕಾಲದ, ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷ ಹಿಂದಿನ ಲಾವಾ. ಊಟ ಕಟ್ಟಿಕೊಂಡು ಹೋಗಿ, ಪ್ಲಾಸ್ಟಿಕ್ ವಾಪಸ್ ತನ್ನಿ.

ಹೊರಡುವ ದಿನ ಗೆಳೆಯನ ಉಮ್ಮ ಒಂದು ಡಬ್ಬ ತೆಂಗಿನ ಬೆಲ್ಲ, ಒಂದು ಕಟ್ಟು ಮಾಸ್ ಕೊಟ್ಟರು. ಬೋಟಿನ ಹತ್ತಿರ ಗೆಳೆಯ ಹೇಳಿದ ಮಾತು ಒಂದೇ. ಅವನ ತಂಗಿಯ ಆಪರೇಶನ್ನಿಗೆ ಕೊಚ್ಚಿಗೆ ಹೋಗಲು ಹಡಗಿನಲ್ಲಿ ಟಿಕೆಟ್ ಸಿಗದೆ ಹನ್ನೊಂದು ದಿನ ಕಾದಿದ್ದರಂತೆ. ಮಂಗಳೂರಿನ ದಾರಿ ಕೊಚ್ಚಿಗಿಂತ ನೂರು ಕಿಲೋಮೀಟರ್ ಹತ್ತಿರ, ಆಸ್ಪತ್ರೆಗಳೂ ಬೇಕಾದಷ್ಟು. 2024ರ ಮೇಯಲ್ಲಿ 'ಪರಲಿ' ಎಂಬ ವೇಗದ ಹಡಗು ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ಗಂಟೆಯಲ್ಲಿ ನಮ್ಮ ಹಳೆ ಬಂದರಿಗೆ ಬಂದಾಗ ಅಮಿನಿಯಲ್ಲಿ ಎಲ್ಲರೂ ಖುಷಿಪಟ್ಟಿದ್ದರು. "ಆ ಹಡಗು ನಿಮ್ಮ ಕಡೆಗೆ ದಿನಾ ಬರುವ ಹಾಗೆ ನಿಮ್ಮವರೂ ಸ್ವಲ್ಪ ಕೇಳಿ ಉಸ್ತಾದ್" ಅಂದ.

ರಜೆ ಮುಗಿಸಿ ವಾಪಸ್ ಬಂದು ಆ ಹುಡುಗನಿಗೆ ಬಾವಿಯ ಕಥೆ ಹೇಳಿದೆ. ಅವನು ತೆಂಗಿನ ಬೆಲ್ಲ ಚೀಪುತ್ತಾ, "ಹಾಗಾದರೆ ಅವರು ನೀರು ಚೆಲ್ಲೋದೇ ಇಲ್ವಾ ಉಸ್ತಾದ್?" ಅಂದ.