ನಿಮಗಿದು ಗೊತ್ತೇ? ಟಿ.ಸಿ. ಪಾಳ್ಯದ ಹೆಸರಲ್ಲೊಬ್ಬ ಮುಖ್ಯ ನ್ಯಾಯಾಧೀಶ!

ಬೈಯಪ್ಪನಹಳ್ಳಿ, ಕೆ.ಆರ್. ಪುರದ ಕಡೆ ಓಡಾಡುವವರಿಗೆ ಟಿ.ಸಿ. ಪಾಳ್ಯ ಗೊತ್ತು. ಆ ‘ಟಿ.ಸಿ.’ ಯಾರೆಂದು ಗೊತ್ತೇ? ತಂಬುಚೆಟ್ಟಿ. ಮೈಸೂರು ಸಂಸ್ಥಾನದ ಚೀಫ್ ಕೋರ್ಟಿಗೆ ಮುಖ್ಯ ನ್ಯಾಯಾಧೀಶರಾದ ಮೊದಲ ಭಾರತೀಯ!

ಟಿ.ಆರ್.ಎ. ತಂಬುಚೆಟ್ಟಿಯವರು 1837ರಲ್ಲಿ ತಿರುಚಿನಾಪಳ್ಳಿಯಲ್ಲಿ ಹುಟ್ಟಿದರು. ಕ್ಯಾಥೊಲಿಕ್ ಕ್ರೈಸ್ತರು. ‘ರಾಜಧರ್ಮಪ್ರವೀಣ’ ಬಿರುದು ಪಡೆದವರು.

ನ್ಯಾಯಪೀಠದಲ್ಲಿದ್ದ ಇವರೇ ಮುಂದೆ ದಿವಾನಗಿರಿಯನ್ನೂ ನೋಡಿಕೊಂಡರು! ದಿವಾನ ಶೇಷಾದ್ರಿ ಅಯ್ಯರ್ ಅವರ ಜಾಗದಲ್ಲಿ, 1900ರ ಆಗಸ್ಟ್‌ನಿಂದ 1901ರ ಮಾರ್ಚ್‌ವರೆಗೆ ಹಂಗಾಮಿ ದಿವಾನರು.

ಚೀಫ್ ಕೋರ್ಟು ಸ್ಥಾಪನೆಯಾದದ್ದು 1884ರಲ್ಲಿ, ಮೂವರು ನ್ಯಾಯಾಧೀಶರೊಂದಿಗೆ. ಅದು ‘ಹೈಕೋರ್ಟ್’ ಎನಿಸಿಕೊಂಡದ್ದು 1930ರಲ್ಲಿ.

ಹಲಸೂರಿನವರ ವ್ಯಾಜ್ಯ ಈ ಕೋರ್ಟಿಗೆ ಹೋಗುವಂತೆಯೇ ಇರಲಿಲ್ಲ, ಗೊತ್ತೇ? 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷರ ಬಳಿಯೇ ಉಳಿಯಿತು. ಅಲ್ಲಿಗೆ ರೆಸಿಡೆಂಟರೇ ಹೈಕೋರ್ಟು! ಕೆ.ಆರ್. ಪುರದ ರೈತನ ಜಮೀನಿನ ತಕರಾರು ಮಹಾರಾಜರ ಕೋರ್ಟಿಗೆ, ಹಲಸೂರಿನ ಅಂಗಡಿಯವನ ಸಾಲದ ದಾವೆ ದೊರೆಗಳ ಕೋರ್ಟಿಗೆ. ಒಂದೇ ಊರಿನಲ್ಲಿ ಎರಡು ನ್ಯಾಯ! ಈ ಅನ್ಯಾಯ ಕೊನೆಯಾಗಲು 1947 ಬರಬೇಕಾಯಿತು.

ಇಂದು ಹೈಕೋರ್ಟಿರುವ ಕೆಂಪು ಅಠಾರಾ ಕಚೇರಿ, 1868ರಲ್ಲಿ ಪೂರ್ತಿಯಾದಾಗ 18 ಇಲಾಖೆಗಳ ಸರ್ಕಾರಿ ಕಚೇರಿ. ಅದನ್ನು ಕಟ್ಟಿಸಿದ ಗುತ್ತಿಗೆದಾರರು ನಾರಾಯಣಸ್ವಾಮಿ ಮೊದಲಿಯಾರ್. ದಂಡಿನ ಬಡಮಕ್ಕಳಿಗಾಗಿ 1873ರಲ್ಲಿ ಶಾಲೆ ತೆರೆದವರೂ ಅವರೇ. ಇಂದಿನ ಆರ್‌ಬಿಎಎನ್‌ಎಂ ಸಂಸ್ಥೆಗಳ ಮೂಲ ಅದು.

ಬೈಯಪ್ಪನಹಳ್ಳಿಯ ರೈಲ್ವೆ ಟರ್ಮಿನಲ್‌ಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. 2022ರ ಜೂನ್‌ನಲ್ಲಿ ಅಲ್ಲಿಂದ ರೈಲು ಓಡಾಟ ಶುರುವಾಯಿತು. ಅದೇ ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟದ್ದರ ಹಿಂದೆ ಹಿಂದುಳಿದವರ ಮೀಸಲಾತಿಯ ಪ್ರಶ್ನೆಯೂ ಇತ್ತು. ಆ ಪ್ರಶ್ನೆ ಪರಿಶೀಲಿಸಿದ ಸಮಿತಿಯ ಅಧ್ಯಕ್ಷರು ಯಾರು? ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್! ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಲಿ ಎಂದಿತು ಸಮಿತಿ. 1921ರಲ್ಲಿ ಸರ್ಕಾರದ ಆದೇಶವೂ ಹೊರಟಿತು. ವಿಶ್ವೇಶ್ವರಯ್ಯನವರ ಕಟ್ಟೆ, ಕಾರ್ಖಾನೆಗಳಿಗೆ ಎರಡು ಮಾತಿಲ್ಲ. ಆದರೆ ಈ ಒಂದು ವಿಷಯದಲ್ಲಿ ಕಾಲ ಮಿಲ್ಲರ್ ಕಡೆಗೇ ತೀರ್ಪು ಕೊಟ್ಟಿದೆ.

ತಂಬುಚೆಟ್ಟಿಯವರು 1907ರಲ್ಲಿ ತೀರಿಕೊಂಡರು. ಪಾಲಿಕೆಯವರು ಮುಂದಿನ ಸಲ ಟಿ.ಸಿ. ಪಾಳ್ಯದ ನಾಮಫಲಕಕ್ಕೆ ಬಣ್ಣ ಹೊಡೆಸುವಾಗ ದಯವಿಟ್ಟು ‘ತಂಬುಚೆಟ್ಟಿ ಪಾಳ್ಯ’ ಎಂದು ಪೂರ್ತಿ ಬರೆಸಲಿ. ಕೆಳಗೊಂದು ಸಾಲಿನಲ್ಲಿ ಅವರು ಯಾರೆಂಬುದೂ ಇರಲಿ.